ಒಂದಿಂಚು ಮರ

ಇಪ್ಪತ್ತಾರು ವರ್ಷ ಪೀಣ್ಯದಲ್ಲಿ ಲೇತಿನ ಮುಂದೆ ನಿಂತವನು ನಾನು,
ಕೂದಲು ಸೀಳಿ ಕೊಟ್ಟು ದಪ್ಪ ಕೇಳಿದರೂ ಅಳೆದು ಹೇಳುವವನು.
ಆದರೂ ನಿನ್ನೆ ರಾತ್ರಿ, ಕಾಮಾಕ್ಷಿಪಾಳ್ಯದ ನಮ್ಮ ಅಡುಗೆಮನೆಯಲ್ಲಿ,
ಹಳೇ ಬೆಡ್‌ಶೀಟಿನ ಮೇಲೆ ಮಲಗಿಸಿದ ಏರ್ ರೈಫಲ್ಲಿನ ಎದುರು ಕೂತಾಗ
ಮೊದಲ ದಿನದ ಹೆಲ್ಪರ್ ಹುಡುಗನ ಹಾಗೆ
ಅಂಗೈ ಬೆವರಿತು.

ಕಾಕ್ಸ್ ಟೌನಿನ ರೊಸಾರಿಯೊ ಅವರ ಮನೆಯಿಂದ ತಂದದ್ದು,
ಚೀಟಿ ದುಡ್ಡು ಎತ್ತಿ, ಗಂಗರತ್ನಳ ಮೌನವನ್ನೂ ಸೇರಿಸಿ ಕೊಟ್ಟು.
"ಮರ ನೋಡ್ಕೊಂಡು ಮುಟ್ಟಪ್ಪಾ," ಅಂದಿದ್ದರು ಮುದುಕರು
ಬಾಗಿಲು ಹಾಕಿಕೊಳ್ಳುವ ಮುಂಚೆ. ಅಷ್ಟೇ.

ಮಗಳಿಗೆ ಅದು ಉದ್ದ.
ಹನ್ನೆರಡು ವರ್ಷದ ಮೋನಿಷಾ ಭುಜಕ್ಕೆ ಕೊಟ್ಟು ನಿಂತರೆ
ಕತ್ತು ಚಾಚಬೇಕು, ದೂರದ ಬಸ್ಸಿನ ಬೋರ್ಡು ಓದುವವಳ ಹಾಗೆ.
ಒಂದಿಂಚು ಕಡಿಮೆ ಮಾಡಿಸಿ, ಅಂದರು ಕೋಚ್.
ಮಾಡಿಸುವುದೇನು, ನಾನೇ ಮಾಡುತ್ತೇನೆ ಅಂದುಬಿಟ್ಟೆ.
ಬಾಯಿಗೆ ಮೈಕ್ರೋಮೀಟರ್ ಇಲ್ಲವಲ್ಲ.

ಮೊದಲು ನಳಿಗೆ ಬಗ್ಗಿಸಿ ನೋಡಿದೆ: ಖಾಲಿ.
ಮತ್ತೆ ನೋಡಿದೆ. ಗಂಗರತ್ನ ಬಂದು "ಖಾಲಿನಾ?" ಅಂದಳು.
ಅವಳಿಗೋಸ್ಕರ ಮೂರನೇ ಸಲ.
ಒಳಗಿನ ಸ್ಪ್ರಿಂಗಿಗೆ ಕೈ ಹಾಕುವುದಿಲ್ಲವೆಂದು
ಕ್ಯಾಲೆಂಡರಿನ ದೇವರಿಗೆ ಹೇಳಿಕೊಂಡೆ;
ನನಗೂ ಅದಕ್ಕೂ ಇನ್ನೂ ಮಾತುಕತೆ ಆಗಿಲ್ಲ.

ಕಬ್ಬಿಣದ ಜೊತೆ ನನಗೆ ಸಲಿಗೆ. ತಪ್ಪಿದರೆ ಬೆಸುಗೆ ಉಂಟು.
ಮರ ತಪ್ಪಿದರೆ ಸೌದೆ.
ಪಕ್ಕದ ಬೀದಿಯ ವಜೀರ್ ಸಾಬರಿಂದ ಗರಗಸ ತಂದಿದ್ದೆ,
ಹಲ್ಲಿಗೆ ಮೇಣ ಸವರಿ ಕೊಟ್ಟಿದ್ದರು.
ಪೆನ್ಸಿಲಿನಲ್ಲಿ ಗೀರು ಹಾಕಿದೆ. ಅಳಿಸಿದೆ. ಹಾಕಿದೆ.
ಟಾರ್ಚು ಹಿಡಿದ ಮೋನಿಷಾ ಆಕಳಿಸಿದಳು,
ಬೆಳಕೂ ಆಕಳಿಸಿತು.

ಹಿಂಬದಿಯ ರಬ್ಬರ್ ಪಟ್ಟಿಗೆ ಎರಡು ಸ್ಕ್ರೂ.
ಒಂದು ಸಲೀಸಾಗಿ ಬಂತು. ಇನ್ನೊಂದು ತುಕ್ಕು ಹಿಡಿದು ಹಟ ಮಾಡಿತು;
ಕೊಬ್ಬರಿ ಎಣ್ಣೆ ಬಿಟ್ಟು, ಕುಕ್ಕರ್ ಮೂರು ಸಲ ಕೂಗುವವರೆಗೆ ಕಾದು
ತಿರುಗಿಸಿದೆ. ಇಷ್ಟುದ್ದದ ಸ್ಕ್ರೂ ಯಾಕೆ ಬೇಕಿತ್ತು ಇಲ್ಲಿ
ಅಂತ ಯೋಚಿಸುವಷ್ಟರಲ್ಲಿ ಅದು ಉರುಳಿ
ಗ್ಯಾಸ್ ಸಿಲಿಂಡರಿನ ಅಡಿಗೆ ಹೋಯಿತು.

ಪಟ್ಟಿ ಬಿಟ್ಟುಕೊಂಡಿತು. ಅದರ ಹಿಂದೆಯೇ
ಬಿಸ್ಕತ್ತಿನ ಹಾಗೆ ಮೂರು ಮರದ ಬಿಲ್ಲೆ
ಒಂದೊಂದಾಗಿ ನನ್ನ ತೊಡೆಯ ಮೇಲೆ ಬಿದ್ದವು.

ಅದೇ ಮರ, ಅದೇ ಎಳೆ,
ಗರಗಸ ತಿಂದಷ್ಟು ಮಾತ್ರ ಕಡಿಮೆ.
ಯಾರೋ ಕೊಯ್ದು, ಆಮೇಲೆ ಮತ್ತೆ ಕೂಡಿಸಿದ್ದಾರೆ,
ಮೇಲಿಂದ ಉಗುರು ಆಡಿಸಿದರೂ ಸಂದು ಸಿಗದ ಹಾಗೆ.
ಬಿಲ್ಲೆಗಳ ಮೇಲೆ ಪೆನ್ಸಿಲಿನ ಓರೆ ಅಕ್ಷರ:
ಐರಿಸ್, ೭೯. ಐರಿಸ್, ೮೦.
ಮೂರನೆಯದರಲ್ಲಿ ಹೆಸರಿಲ್ಲ, ಬರೀ ೮೨.

"ಐರಿಸ್ ಅಂದ್ರೆ ಯಾರಪ್ಪಾ?"
ಗೊತ್ತಿಲ್ಲ ಮಗಾ.
ರೊಸಾರಿಯೊ ಮನೆಯ ಗೋಡೆಯಲ್ಲಿ ಒಂದು ಫೋಟೋ ಇತ್ತು.
ಟೀ ಕುಡಿಯುತ್ತಾ ಅದರ ಕಡೆಗೇ ಮುಖ ಮಾಡಿ ಕೂತಿದ್ದೆ,
ನೋಡಿರಲಿಲ್ಲ.

ಗರಗಸವನ್ನು ಗೋಡೆಗೆ ಒರಗಿಸಿದೆ.
ಎರಡು ಬಿಲ್ಲೆ ಹೊರಗೆ, ಒಂದು ಒಳಗೆ,
ಡಬ್ಬಿಯಿಂದ ಆರಿಸಿದ ಗಿಡ್ಡ ಸ್ಕ್ರೂ ಎರಡು.
ಯೂನಿಫಾರ್ಮ್ ಒಣಗುವ ಹಗ್ಗದ ಕೆಳಗೆ ನಿಂತು
ಖಾಲಿ ಬಂದೂಕನ್ನು ಗೋಡೆಯ ಮೊಳೆಗೆ ಗುರಿಯಿಟ್ಟಳು.
ಕೆನ್ನೆ ಹೋಗಿ ಮರದ ಮೇಲೆ ಕೂತಿತು,
ನಿದ್ದೆಗಣ್ಣಿಗೆ ದಿಂಬು ಸಿಕ್ಕ ಹಾಗೆ.

೮೦ ಮತ್ತು ೮೨ನ್ನು ಪೇಪರಿನಲ್ಲಿ ಸುತ್ತಿ
ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೇನೆ. ಬೇಕಾಗುತ್ತವೆ.
ಈ ವಯಸ್ಸಿನಲ್ಲಿ ಮಕ್ಕಳು ರಾತ್ರೋರಾತ್ರಿ ಬೆಳೆಯುತ್ತವೆ.
ಒಂದು ಉದ್ದ ಸ್ಕ್ರೂ ಅವುಗಳ ಜೊತೆಗಿದೆ.
ಇನ್ನೊಂದು ಸಿಲಿಂಡರಿನ ಅಡಿಯಲ್ಲೇ.
ಗ್ಯಾಸ್ ಮುಗಿದ ದಿನ ಸಿಗುತ್ತದೆ.